ಕೈಗುಣ ನೋಡಿ ಮತ ಹಾಕುವವರಿಗೆ

ಅಮೆರಿಕದಲ್ಲಿ ಮತದಾನದ ಹಕ್ಕು ಪಡೆದಿರುವ ಕನ್ನಡಿಗರಿಗೆ ನಮಸ್ಕಾರ.

ಅಭ್ಯರ್ಥಿಯ ಹೆಸರಿಗೆ ‘ಡಾ.’ ಅಂಟಿಕೊಂಡಿದ್ದರೆ ನಮ್ಮವರ ನಡುವೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ. ಸರ್ಜನ್ ಎಂದರಂತೂ, ಅದರಲ್ಲೂ ಮಿದುಳಿನ ಸರ್ಜನ್ ಎಂದರಂತೂ, ಉಳಿದರ್ಧವೂ ಮುಗಿದ ಹಾಗೆ. ಅಷ್ಟು ಜೀವ ಉಳಿಸಿದವರು, ಅವರಿಗೆ ದುಡ್ಡಿನಾಸೆ ಯಾಕೆ ಬರುತ್ತೆ, ಒಂದು ಇಲಾಖೆ ನಡೆಸೋದು ಅವರಿಗೆ ಯಾವ ಮಹಾ ಕೆಲಸ ಎಂಬ ಮಾತು ಎಲ್ಲ ಪಕ್ಷದವರ ಬಾಯಲ್ಲೂ ಬರುತ್ತದೆ. ಇದಕ್ಕೆ ಎದುರಾಗಿ ನಿಂತವರು ಮಾಡುವುದು ಹೆಚ್ಚಾಗಿ ಗೇಲಿ. ಭಕ್ತಿಯಿಂದಲೂ ಗೇಲಿಯಿಂದಲೂ ಅಭ್ಯರ್ಥಿಯ ಪರೀಕ್ಷೆಯಾಗುವುದಿಲ್ಲ. ನಿವೃತ್ತ ಸರ್ಜನ್ ಒಬ್ಬರು ಅಧಿಕಾರ ಕೇಳಿಕೊಂಡು ಬಂದಾಗ ಅನುಮಾನ ಪಡುವುದು ಸರಿಯೇ. ಆದರೆ ಆ ಅನುಮಾನ ಎಲ್ಲಿ ಕುಳಿತಿರಬೇಕು, ಯಾವ ದಾಖಲೆ ತೆಗೆದು ನೋಡಬೇಕು, ಏನು ಕೇಳಬೇಕು ಎಂಬುದು ಈ ಪತ್ರದ ವಿಷಯ.

ಬೆನ್ ಕಾರ್ಸನ್ ಅವರಿಂದಲೇ ಶುರು ಮಾಡೋಣ. 1984ರಲ್ಲಿ, 33ನೇ ವಯಸ್ಸಿಗೆ, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ನರಶಸ್ತ್ರಚಿಕಿತ್ಸಾ ವಿಭಾಗದ ನಿರ್ದೇಶಕರಾದವರು. 1987ರಲ್ಲಿ ತಲೆಯ ಹಿಂಭಾಗ ಅಂಟಿಕೊಂಡು ಹುಟ್ಟಿದ್ದ ಜರ್ಮನಿಯ ಅವಳಿ ಶಿಶುಗಳನ್ನು ಬೇರ್ಪಡಿಸಿದ ತಂಡದ ಮುಂದಾಳು. 2013ರಲ್ಲಿ ನಿವೃತ್ತರಾದರು, 2015ರ ಮೇ ತಿಂಗಳಲ್ಲಿ ಅಧ್ಯಕ್ಷ ಹುದ್ದೆಯ ಸ್ಪರ್ಧೆಗಿಳಿದರು, 2016ರ ಮಾರ್ಚ್‌ನಲ್ಲಿ ಹಿಂದೆ ಸರಿದರು. ಆ ಹತ್ತು ತಿಂಗಳಲ್ಲಿ ಜನ ಅತಿ ಹೆಚ್ಚು ಮಾತಾಡಿದ್ದು ಈಜಿಪ್ಟಿನ ಪಿರಮಿಡ್ ಬಗ್ಗೆ. ಬೈಬಲ್ಲಿನ ಜೋಸೆಫ್ ಅವುಗಳನ್ನು ಧಾನ್ಯದ ಕಣಜವಾಗಿ ಕಟ್ಟಿಸಿದ ಎಂಬ ತಮ್ಮ ನಂಬಿಕೆಯನ್ನು ಅವರು 1998ರಲ್ಲಿ ಒಂದು ವಿಶ್ವವಿದ್ಯಾಲಯದ ಭಾಷಣದಲ್ಲಿ ಹೇಳಿದ್ದರು. ನಗಲು ಒಳ್ಳೆಯ ವಸ್ತುವೇ ಸರಿ. ಆದರೆ ಅಧ್ಯಕ್ಷರ ಮೇಜಿಗೆ ಪಿರಮಿಡ್ಡಿನ ಕಡತ ಬರುವುದಿಲ್ಲ. ಅದೇ ಹೊತ್ತಿನಲ್ಲಿ ಅವರ ಪ್ರಚಾರ ಸಮಿತಿ ಸಂಗ್ರಹಿಸಿದ ಹಣದಲ್ಲಿ ದೊಡ್ಡ ಪಾಲು ಮತ್ತೆ ಹಣ ಸಂಗ್ರಹಕ್ಕೇ, ಅಂದರೆ ಅಂಚೆ ಪತ್ರ ಮತ್ತು ಫೋನ್ ಕರೆಗಳ ಕಂಪನಿಗಳಿಗೇ, ಹೋಗುತ್ತಿತ್ತು. ಇದು ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತಿತ್ತು. ತನ್ನ ಕೈಕೆಳಗಿನ ಖರ್ಚನ್ನು ಈತ ಹೇಗೆ ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷಿ ಬೇರೆ ಇರಲಿಲ್ಲ. ಅದನ್ನು ತೆರೆದು ನೋಡಿದವರು ಕಡಿಮೆ.

1987ರ ಆ ಶಸ್ತ್ರಚಿಕಿತ್ಸೆಗೆ ತಗುಲಿದ್ದು 22 ಗಂಟೆ. ತಂಡದಲ್ಲಿ ಸುಮಾರು 70 ಜನ. ತಿಂಗಳುಗಟ್ಟಲೆ ತಾಲೀಮು ನಡೆದಿತ್ತು. ಎರಡೂ ಮಕ್ಕಳು ಬದುಕಿದರು. ಆದರೆ ಅವರಿಗೆ ತೀವ್ರವಾದ ನರಸಂಬಂಧಿ ವೈಕಲ್ಯ ಉಳಿಯಿತು. ಇದರಿಂದ ಕಾರ್ಸನ್ ಅವರ ಕೌಶಲ ಸಣ್ಣದಾಗುವುದಿಲ್ಲ. ಗಮನಿಸಬೇಕಾದ್ದು ಆ ಕೌಶಲ ಎಂಥ ವ್ಯವಸ್ಥೆಯ ಮೇಲೆ ನಿಂತಿತ್ತು ಎಂಬುದು. ಸರ್ಜನ್ ಕೈಗೆ ಬರುವಾಗ ರೋಗಿ ಒಬ್ಬನೇ, ರೋಗ ಯಾವುದೆಂದು ಬಹುಪಾಲು ನಿಶ್ಚಯವಾಗಿರುತ್ತದೆ, ಒಪ್ಪಿಗೆ ಪತ್ರಕ್ಕೆ ಸಹಿ ಬಿದ್ದಿರುತ್ತದೆ. ಅರಿವಳಿಕೆ, ರಕ್ತನಿಧಿ, ಉಪಕರಣಗಳ ಶುದ್ಧೀಕರಣ, ಖರೀದಿ, ಬಿಲ್ಲು ಎಲ್ಲ ಬೇರೆಯವರ ಜವಾಬ್ದಾರಿ. ಕತ್ತರಿಸಿದ್ದು ಸರಿಯೋ ತಪ್ಪೋ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಗೊತ್ತಾಗುತ್ತದೆ. ಇಲಾಖೆಯಲ್ಲಿ ಇದ್ಯಾವುದೂ ಇಲ್ಲ. ರೋಗಿಗಳು ಲಕ್ಷಗಟ್ಟಲೆ, ಒಪ್ಪಿಗೆ ಕೊಟ್ಟವರು ಅರ್ಧದಷ್ಟು ಜನ, ಫಲಿತಾಂಶ ಬರುವ ಹೊತ್ತಿಗೆ ಕತ್ತರಿಸಿದವರು ಹುದ್ದೆ ಬಿಟ್ಟು ಹೋಗಿರುತ್ತಾರೆ.

ಕಾರ್ಸನ್ ಅವರಿಗೂ ಇದು ಗೊತ್ತಿತ್ತು. 2016ರ ನವೆಂಬರ್‌ನಲ್ಲಿ ಅವರ ಆಪ್ತ ಸಲಹೆಗಾರರೇ, ಸರ್ಕಾರಿ ಅನುಭವ ಇಲ್ಲ, ಕೇಂದ್ರ ಇಲಾಖೆ ನಡೆಸಿದವರಲ್ಲ ಎಂಬ ಕಾರಣ ಕೊಟ್ಟು ಅವರು ಟ್ರಂಪ್ ಸಂಪುಟಕ್ಕೆ ಬರುವುದಿಲ್ಲ ಎಂದಿದ್ದರು. ಕೆಲವೇ ವಾರಗಳಲ್ಲಿ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಗೆ ಅವರ ಹೆಸರು ಬಂತು. 2017ರ ಮಾರ್ಚ್ 2ರಂದು ಸೆನೆಟ್ 58–41 ಮತಗಳಿಂದ ಅನುಮೋದಿಸಿತು. ಎಲ್ಲರೂ ‘ಹಡ್’ ಎಂದು ಕರೆಯುವ ಈ ಇಲಾಖೆಯ ಆಗಿನ ವಾರ್ಷಿಕ ಬಜೆಟ್ 4,000 ಕೋಟಿ ಡಾಲರ್‌ಗೂ ಹೆಚ್ಚು. ಅದರ ಹಣ ಹಂಚಿಕೆಯಾಗುವುದು ದೇಶದ 3,000ಕ್ಕೂ ಮಿಕ್ಕಿದ ಸ್ಥಳೀಯ ವಸತಿ ಪ್ರಾಧಿಕಾರಗಳ ಮೂಲಕ.

ವೈದ್ಯರ ಜ್ಞಾನ ಎಲ್ಲಿಯವರೆಗೆ ನೆರವಾಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂದು ನೋಡಲು ಒಂದು ಪ್ರಕರಣ ಸಾಕು. 2019ರ ಜನವರಿಯಲ್ಲಿ ಸೌತ್ ಕೆರೊಲಿನಾದ ಕೊಲಂಬಿಯಾ ನಗರದ ಅಲೆನ್ ಬೆನೆಡಿಕ್ಟ್ ಕೋರ್ಟ್ ಎಂಬ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಇಬ್ಬರು ಕಾರ್ಬನ್ ಮೊನಾಕ್ಸೈಡ್ ವಿಷದಿಂದ ಸತ್ತರು. 400ಕ್ಕೂ ಹೆಚ್ಚು ನಿವಾಸಿಗಳನ್ನು ಹೊರಗೆ ಕಳಿಸಬೇಕಾಯಿತು. ಈ ಅನಿಲಕ್ಕೆ ಬಣ್ಣ, ವಾಸನೆ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟಿಗಿಂತಲೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಕೂಡ ಮೋಸಹೋಗಿ ಎಲ್ಲ ಸರಿಯಿದೆ ಎಂದು ತೋರಿಸುತ್ತದೆ. ಇದಿಷ್ಟೂ ಯಾವ ಸರ್ಜನ್‌ಗಾದರೂ ನಿದ್ದೆಯಲ್ಲೂ ಗೊತ್ತಿರುವ ಸಂಗತಿ. ಪರಿಹಾರವೂ ಸರಳ, ಪ್ರತಿ ಮನೆಯಲ್ಲಿ ಮಲಗುವ ಕೋಣೆಯ ಹತ್ತಿರ ಒಂದು ಪತ್ತೆಯಂತ್ರ.

ಆದರೆ ಆ ಯಂತ್ರ ಗೋಡೆಗೆ ಬರುವ ದಾರಿ ಹೀಗಿದೆ. ಆಗ ಹಡ್ ನಿಯಮಗಳಲ್ಲಿ ಹೊಗೆ ಪತ್ತೆಯಂತ್ರ ಕಡ್ಡಾಯವಾಗಿತ್ತು, ಕಾರ್ಬನ್ ಮೊನಾಕ್ಸೈಡಿನದು ಇರಲಿಲ್ಲ. ಈ ಲೋಪ ಕಾರ್ಸನ್ ಬರುವುದಕ್ಕೆ ಮೊದಲಿನಿಂದಲೂ ಇತ್ತು ಎಂಬುದನ್ನೂ ಹೇಳಬೇಕು. ಕಟ್ಟಡ ಸ್ಥಳೀಯ ಪ್ರಾಧಿಕಾರದ್ದು, ದುರಸ್ತಿಯ ಹಣ ಕೇಂದ್ರದ್ದು, ಒಲೆ ಮತ್ತು ಹೀಟರ್ ಪರೀಕ್ಷೆ ಮಾಡುವ ಕಾನೂನು ರಾಜ್ಯದ್ದು ಅಥವಾ ನಗರದ್ದು. ಇಲಾಖೆಯ ತಪಾಸಣಾಧಿಕಾರಿ 100 ಅಂಕಕ್ಕೆ ಕಟ್ಟಡವನ್ನು ಅಳೆಯುತ್ತಾನೆ, ಆದರೆ ಪಟ್ಟಿಯಲ್ಲಿಲ್ಲದ ವಸ್ತುವಿಗೆ ಅಂಕ ಕಳೆಯುವಂತಿಲ್ಲ. ಹೊಸ ನಿಯಮ ಬೇಕೆಂದರೆ ಕರಡು, ವೆಚ್ಚದ ಅಂದಾಜು, ಶ್ವೇತಭವನದ ಬಜೆಟ್ ಕಚೇರಿಯ ಪರಿಶೀಲನೆ, ಸರ್ಕಾರಿ ಗೆಜೆಟ್ಟಾದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಣೆ, ಸಾಮಾನ್ಯವಾಗಿ 60 ದಿನ ಸಾರ್ವಜನಿಕ ಆಕ್ಷೇಪಣೆ. ಹಣದ ಮಾತಂತೂ ಬೇರೆಯೇ. ಇಲಾಖೆಯೇ ಮಾಡಿಸಿದ 2010ರ ಅಂದಾಜಿನ ಪ್ರಕಾರ ಸರ್ಕಾರಿ ವಸತಿಗಳ ಬಾಕಿ ದುರಸ್ತಿಗೆ ಸುಮಾರು 2,600 ಕೋಟಿ ಡಾಲರ್ ಬೇಕಿತ್ತು. ಇಷ್ಟೆಲ್ಲ ದಾಟಿ ಯಂತ್ರ ಬಂದರೂ ಅದರ ಸಂವೇದಕದ ಆಯಸ್ಸು ಐದರಿಂದ ಹತ್ತು ವರ್ಷ. ಬ್ಯಾಟರಿ ತೀರುವಾಗ ಕೀಚ್‌ಕೀಚ್ ಎನ್ನುವುದಕ್ಕೆ ಬೇಸತ್ತು ನಿವಾಸಿಗಳು ಬ್ಯಾಟರಿ ಕಿತ್ತುಹಾಕುತ್ತಾರೆ. ಹಾಗಾಗಿ ವಿದ್ಯುತ್ ತಂತಿಗೆ ಜೋಡಿಸಿದ್ದೋ, ಮೊಹರು ಮಾಡಿದ ದೀರ್ಘಾವಧಿ ಬ್ಯಾಟರಿಯದೋ ಎಂಬ ಒಂದು ಸಾಲನ್ನು ಟೆಂಡರಿನಲ್ಲಿ ಬರೆಯಬೇಕು. ಬದಲಾಯಿಸಿದ ತಾರೀಕು ಬರೆದಿಡುವ ಹೊಣೆ ಯಾರದೆಂದೂ ಗೊತ್ತುಪಡಿಸಬೇಕು.

ಸಾವುಗಳಾದ ಮೇಲೆ ಇಲಾಖೆ ಪ್ರಾಧಿಕಾರಗಳಿಗೆ ನೆನಪೋಲೆ ಕಳಿಸಿತು. ಕಡ್ಡಾಯ ಮಾಡಿದ್ದು 2020ರ ಡಿಸೆಂಬರ್‌ನ ಕಾನೂನು. ಅದು ಜಾರಿಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ, ಕಾರ್ಸನ್ ಹುದ್ದೆ ಬಿಟ್ಟು ಹೆಚ್ಚುಕಡಿಮೆ ಎರಡು ವರ್ಷದ ಬಳಿಕ. ವಿಷ ಗೊತ್ತಿದ್ದ ವೈದ್ಯರು ಇಲಾಖೆಯ ತುದಿಯಲ್ಲಿದ್ದರೂ ವೇಗ ಹೆಚ್ಚಲಿಲ್ಲ. ಅಲ್ಲಿ ಬೇಕಿದ್ದದ್ದು ವಿಷದ ಜ್ಞಾನವಲ್ಲ, ಕಡತವನ್ನು ನೂಕುವ ಜ್ಞಾನ.

ಬಾಡಿಗೆಯ ವಿಷಯದಲ್ಲಿ ಕತ್ತರಿ ಚುರುಕಾಗಿತ್ತು. 2018ರ ಏಪ್ರಿಲ್‌ನಲ್ಲಿ ಅವರು ಮುಂದಿಟ್ಟ ಮಸೂದೆ ನೋಡಿ. ನೆರವು ಪಡೆಯುವ ಕುಟುಂಬ ಆಗ, ಕಡಿತಗಳನ್ನು ಕಳೆದ ಆದಾಯದ ಶೇ 30ರಷ್ಟನ್ನು ಬಾಡಿಗೆಯಾಗಿ ಕೊಡುತ್ತಿತ್ತು. ಪ್ರಸ್ತಾವ ಒಟ್ಟು ಆದಾಯದ ಶೇ 35 ಕೇಳಿತು. ಕೇಳಲು ಐದೇ ಅಂಶದ ಏರಿಕೆ. ಲೆಕ್ಕ ಹಾಕಿದರೆ ಬೇರೆ. ತಿಂಗಳಿಗೆ 1,000 ಡಾಲರ್ ದುಡಿಯುವ, ಇಬ್ಬರು ಮಕ್ಕಳ ತಾಯಿಗೆ ಮಗುವೊಂದಕ್ಕೆ ವರ್ಷಕ್ಕೆ 480 ಡಾಲರ್‌ನಂತೆ ತಿಂಗಳಿಗೆ 80 ಡಾಲರ್ ಕಡಿತ ಸಿಗುತ್ತಿತ್ತು. 920ರ ಶೇ 30 ಎಂದರೆ 276 ಡಾಲರ್. ಹೊಸ ಸೂತ್ರದಲ್ಲಿ 350. ಅಂದರೆ ಬಾಡಿಗೆ ಕಾಲು ಭಾಗಕ್ಕೂ ಹೆಚ್ಚು ಏರುತ್ತಿತ್ತು. ಮಕ್ಕಳ ಪಾಲನೆಗೆ ಖರ್ಚು ಮಾಡುವವರಿಗೆ ಪೆಟ್ಟು ಇನ್ನೂ ಜೋರು, ಏಕೆಂದರೆ ಆ ಕಡಿತವೂ ಹೋಗುತ್ತಿತ್ತು. ಅತ್ಯಂತ ಬಡವರಿಗಿದ್ದ 50 ಡಾಲರ್‌ವರೆಗಿನ ಕನಿಷ್ಠ ಬಾಡಿಗೆ ಸುಮಾರು ಮೂರು ಪಟ್ಟು. ವೃದ್ಧರಿಗೂ ಅಂಗವಿಕಲರಿಗೂ ಕೆಲ ವರ್ಷ ವಿನಾಯಿತಿ ಇತ್ತು. ಕಾಂಗ್ರೆಸ್ ಆ ಮಸೂದೆಯನ್ನು ಕೈಗೆತ್ತಿಕೊಳ್ಳಲಿಲ್ಲ, ಒಳ್ಳೆಯದೇ ಆಯಿತು. ಆಪರೇಷನ್‌ಗೆ ಮೊದಲು ರೋಗಿಗೆ ಅಪಾಯವನ್ನು ಅಂಕಿಯಲ್ಲಿ ಹೇಳುವುದು ಸರ್ಜನ್‌ಗಳ ಅಭ್ಯಾಸ. ಈ ಮಸೂದೆಯನ್ನು ಜನರಿಗೆ ವಿವರಿಸುವಾಗ ಆ ಅಭ್ಯಾಸ ಮನೆಯಲ್ಲೇ ಉಳಿದಿತ್ತು.

ಇನ್ನೆರಡು ಪ್ರಸಂಗಗಳಿಗೆ ನಗೆಚಟಾಕಿಗಳೇ ಹೆಚ್ಚು ಸಿಕ್ಕವು. 2019ರ ಮೇ ತಿಂಗಳ ವಿಚಾರಣೆಯಲ್ಲಿ ಪ್ರತಿನಿಧಿ ಕೇಟೀ ಪೋರ್ಟರ್ ‘ಆರ್‌ಇಒ’ ಬಗ್ಗೆ ಕೇಳಿದಾಗ ಕಾರ್ಸನ್ ಅದನ್ನು ಓರಿಯೋ ಎಂದು ಕೇಳಿಸಿಕೊಂಡರು. ಸಾಲ ತೀರದೆ ಜಪ್ತಿಯಾಗಿ ಸಾಲದಾತನ ಅಥವಾ ವಿಮೆ ಕೊಟ್ಟ ಸರ್ಕಾರದ ಕೈಗೆ ಬಂದ ಮನೆಗೆ ಈ ವ್ಯವಹಾರದಲ್ಲಿ ಆರ್‌ಇಒ ಎನ್ನುತ್ತಾರೆ. ಸರ್ಕಾರಿ ವಿಮೆಯ ಸಾಲಗಳಲ್ಲಿ ಮನೆಗಳು ಹೀಗೆ ಜಪ್ತಿಯ ಕೊನೆಗೆ ಮುಟ್ಟುವುದು ಯಾಕೆ ಹೆಚ್ಚು ಎಂಬುದು ಪ್ರಶ್ನೆ. ದೇಶವೆಲ್ಲ ಬಿಸ್ಕತ್ತಿನ ಬಗ್ಗೆ ನಕ್ಕಿತು, ಪ್ರಶ್ನೆಗೆ ಉತ್ತರ ಅಲ್ಲಿ ಸಿಗಲಿಲ್ಲ. ಹುದ್ದೆಗೆ ಬಂದು ಎರಡು ವರ್ಷ ದಾಟಿದವರಿಗೆ ತಮ್ಮ ಇಲಾಖೆಯ ನಿತ್ಯದ ಪದ ತಿಳಿಯದಿದ್ದುದು ನಿಜವಾದ ಚಿಂತೆ. ಇನ್ನೊಂದು, ಕಾರ್ಸನ್ ಅವರ ಕಚೇರಿಗೆಂದು ಆದೇಶಿಸಿದ 31,000 ಡಾಲರ್‌ನ ಊಟದ ಮೇಜು-ಕುರ್ಚಿ. ಅಧಿಕಾರಿಯ ಕಚೇರಿಯ ಪೀಠೋಪಕರಣಕ್ಕೆ 5,000 ಡಾಲರ್ ಮೀರಿದರೆ ಕಾಂಗ್ರೆಸ್‌ಗೆ ಮೊದಲೇ ತಿಳಿಸಬೇಕು. ತಿಳಿಸದೆ ಇಲಾಖೆ ಕಾನೂನು ಮುರಿದಿದೆ ಎಂದು ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿ 2019ರ ಮೇನಲ್ಲಿ ಹೇಳಿತು. ಅದೇ ವರ್ಷ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್, ಅಂದರೆ ಇಲಾಖೆಯ ಅಕ್ರಮಗಳನ್ನು ಸ್ವತಂತ್ರವಾಗಿ ತಪಾಸಣೆ ಮಾಡುವ ಅಧಿಕಾರಿ, ಕಾರ್ಸನ್ ಅವರ ವೈಯಕ್ತಿಕ ದುರ್ನಡತೆಗೆ ಪುರಾವೆ ಇಲ್ಲವೆಂದರು. ಮೇಜಿನ ಆದೇಶವೂ ರದ್ದಾಗಿತ್ತು. ಆಯ್ಕೆಯನ್ನು ಹೆಂಡತಿಗೆ ಬಿಟ್ಟಿದ್ದೆ ಎಂಬುದು ಅವರ ಸಮಜಾಯಿಷಿ. ಆಸ್ಪತ್ರೆಯಲ್ಲಿ ಸರ್ಜನ್ ಮೇಜು ಕೊಳ್ಳುವುದಿಲ್ಲ, ಖರೀದಿ ವಿಭಾಗ ಕೊಳ್ಳುತ್ತದೆ. ಇಲಾಖೆಯಲ್ಲಿ ಖರೀದಿ ವಿಭಾಗದ ತಪ್ಪೂ ಇಲಾಖೆಯ ಮುಖ್ಯಸ್ಥರಾದ ಕಾರ್ಯದರ್ಶಿಯ ಹೆಸರಿಗೇ ಬರೆಯಲ್ಪಡುತ್ತದೆ.

ಕಾರ್ಸನ್ ಒಬ್ಬರನ್ನೇ ಹಿಡಿದು ಜಗ್ಗುವುದು ನ್ಯಾಯವಲ್ಲ. ಟೆನೆಸ್ಸೀಯ ಬಿಲ್ ಫ್ರಿಸ್ಟ್ ಹೃದಯ ಕಸಿ ಮಾಡುತ್ತಿದ್ದವರು, 1995ರಿಂದ 2007ರವರೆಗೆ ಸೆನೆಟರ್, ಕೊನೆಯ ನಾಲ್ಕು ವರ್ಷ ಬಹುಮತದ ನಾಯಕ. ಆಫ್ರಿಕಾ ಮೊದಲಾದ ಕಡೆ ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಕೆಲಸಕ್ಕೆ ಐದು ವರ್ಷಕ್ಕೆ 1,500 ಕೋಟಿ ಡಾಲರ್‌ಗೆ ಅನುಮತಿ ಕೊಟ್ಟ 2003ರ ಕಾನೂನನ್ನು ಸೆನೆಟ್‌ನಲ್ಲಿ ದಾಟಿಸಿದ್ದರಲ್ಲಿ ಅವರ ಪಾಲು ದೊಡ್ಡದು. 2005ರ ಜುಲೈನಲ್ಲಿ ಭ್ರೂಣದ ಕಾಂಡಕೋಶ ಸಂಶೋಧನೆಗೆ ಹೆಚ್ಚಿನ ಹಣ ಬೇಕೆಂದು ತಮ್ಮದೇ ಪಕ್ಷದ ಅಧ್ಯಕ್ಷರ ವಿರುದ್ಧ ನಿಂತರು. ಅದೇ ವರ್ಷದ ಮಾರ್ಚ್‌ನಲ್ಲಿ ಅದೇ ಮನುಷ್ಯ ಸೆನೆಟ್ ಸಭಾಂಗಣದಲ್ಲಿ ನಿಂತು, ಫ್ಲಾರಿಡಾದಲ್ಲಿ ಹದಿನೈದು ವರ್ಷದಿಂದ ಜಡಾವಸ್ಥೆಯಲ್ಲಿ ಮಲಗಿದ್ದ ಒಬ್ಬ ಮಹಿಳೆಯ ರೋಗನಿರ್ಣಯದ ಬಗ್ಗೆ ಸಂದೇಹ ಎತ್ತಿದರು. ಆಧಾರ, ನೋಡಿದ್ದ ವಿಡಿಯೊ ತುಣುಕುಗಳು. ಅವರು ಆಕೆಯನ್ನು ಮುಟ್ಟಿ ಪರೀಕ್ಷಿಸಿರಲಿಲ್ಲ, ನರವೈದ್ಯರೂ ಅಲ್ಲ. ಜೂನ್‌ನಲ್ಲಿ ಹೊರಬಂದ ಮರಣೋತ್ತರ ವರದಿಯಲ್ಲಿ ಮಿದುಳಿನ ತೂಕ 615 ಗ್ರಾಂ, ಇರಬೇಕಾದುದರ ಸುಮಾರು ಅರ್ಧ. ತಾನು ರೋಗನಿರ್ಣಯ ಮಾಡಿರಲಿಲ್ಲ ಎಂದರು ಫ್ರಿಸ್ಟ್. ವೈದ್ಯಕೀಯ ಜ್ಞಾನ ರಾಜಕೀಯಕ್ಕೆ ನೆರವಾದದ್ದು, ಬಿಳಿ ಕೋಟಿನ ಗೌರವ ರಾಜಕೀಯಕ್ಕೆ ಬಾಡಿಗೆಗೆ ಹೋದದ್ದು, ಎರಡೂ ಒಬ್ಬರಲ್ಲೇ, ಒಂದೇ ವರ್ಷದಲ್ಲಿ. ಹಾಗಾಗಿ ಮನುಷ್ಯ ಒಳ್ಳೆಯವನೇ ಎಂದು ಕೇಳುವುದಕ್ಕಿಂತ, ಈ ಮಾತನ್ನು ಆತ ತನ್ನ ವಿಷಯದೊಳಗೆ ನಿಂತು ಹೇಳುತ್ತಿದ್ದಾನೆಯೇ, ರೋಗಿಯನ್ನು ನೋಡಿ ಹೇಳುತ್ತಿದ್ದಾನೆಯೇ ಎಂದು ಪ್ರತಿ ಸಲವೂ ಕೇಳಬೇಕು.

ದುಡ್ಡಿನ ವಿಷಯಕ್ಕೆ ಟಾಮ್ ಪ್ರೈಸ್. ಜಾರ್ಜಿಯಾದ ಮೂಳೆ ಸರ್ಜನ್, ಕಾಂಗ್ರೆಸ್ ಸದಸ್ಯ, 2017ರಲ್ಲಿ ಆರೋಗ್ಯ ಇಲಾಖೆಯ ಕಾರ್ಯದರ್ಶಿ. ಖಾಸಗಿ ಬಾಡಿಗೆ ವಿಮಾನಗಳ ಸುದ್ದಿ ಹೊರಬಂದು ಎಂಟು ತಿಂಗಳೊಳಗೇ ರಾಜೀನಾಮೆ ಕೊಟ್ಟರು. ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಲೆಕ್ಕದಲ್ಲಿ ವ್ಯರ್ಥವಾದದ್ದು 3,41,000 ಡಾಲರ್. ವಿಮಾನಕ್ಕಿಂತ ಕಲಿಸುವ ಪ್ರಸಂಗ ಅದಕ್ಕೂ ಹಿಂದಿನದು. 2016ರ ಮಾರ್ಚ್‌ನಲ್ಲಿ ಕೃತಕ ಕೀಲು ತಯಾರಿಸುವ ಜಿಮ್ಮರ್ ಬಯೋಮೆಟ್ ಕಂಪನಿಯ ಷೇರು ಅವರ ಖಾತೆಗೆ ಬಂತು. ಕೆಲವೇ ದಿನಗಳಲ್ಲಿ, ಕೀಲು ಬದಲಾವಣೆಗೆ ಒಟ್ಟುಗೂಡಿಸಿ ಹಣ ಕೊಡುವ ಮೆಡಿಕೇರ್ (ವೃದ್ಧರ ಸರ್ಕಾರಿ ಆರೋಗ್ಯ ವಿಮೆ) ನಿಯಮವನ್ನು ಮುಂದೂಡುವ ಮಸೂದೆಯನ್ನು ಅವರೇ ಮಂಡಿಸಿದರು. ಷೇರು ಕೊಂಡದ್ದು ಬ್ರೋಕರ್, ನನಗೆ ಗೊತ್ತಿರಲಿಲ್ಲ ಎಂದರು. ಇರಬಹುದು. ಆ ನಿಯಮದ ಕುಂದು ಮೂಳೆ ಸರ್ಜನ್‌ಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು, ಆ ನಿಯಮ ಮೂಳೆ ಸರ್ಜನ್‌ಗಳ ಹಿತಕ್ಕೂ ತಾಗುವಂಥದ್ದೇ. ಇವೆರಡನ್ನು ಬೇರ್ಪಡಿಸಲು ದಾಖಲೆಗಳಿಲ್ಲದೆ ಸಾಧ್ಯವಿಲ್ಲ.

ಆ ದಾಖಲೆಗಳು ಎಲ್ಲಿವೆ? ಕಂಪನಿಗಳು ವೈದ್ಯರಿಗೆ ಕೊಡುವ ಹಣ, ಊಟದ ಬಿಲ್ಲಿನಿಂದ ಉಪಕರಣದ ರಾಯಲ್ಟಿವರೆಗೆ, ‘ಓಪನ್ ಪೇಮೆಂಟ್ಸ್’ ಎಂಬ ಸರ್ಕಾರಿ ಜಾಲತಾಣದಲ್ಲಿದೆ. ವೈದ್ಯರ ಹೆಸರು, ರಾಜ್ಯ ಹಾಕಿದರೆ ಸಾಕು. 2013ರ ಆಗಸ್ಟ್‌ಗೆ ಮೊದಲಿನದು ಅಲ್ಲಿಲ್ಲ, ಆದ್ದರಿಂದ ಬಹಳ ಹಿಂದೆ ನಿವೃತ್ತರಾದವರ ಪುಟ ಖಾಲಿ ಎಂದಮಾತ್ರಕ್ಕೆ ಏನೂ ತೀರ್ಮಾನವಾಗುವುದಿಲ್ಲ. ಆ ಜಾಲತಾಣ ನಡೆಸುವುದು ಮೆಡಿಕೇರ್ ಮತ್ತು ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ನೋಡಿಕೊಳ್ಳುವ ಸಂಸ್ಥೆ. 2025ರ ಏಪ್ರಿಲ್‌ನಿಂದ ಅದರ ಮುಖ್ಯಸ್ಥರೂ ಒಬ್ಬ ಹೃದಯ ಸರ್ಜನ್, ಟಿವಿಯ ಮೆಹ್ಮೆತ್ ಓಜ್. ಹಸಿರು ಕಾಫಿಬೀಜದ ಸಾರದಿಂದ ತೂಕ ಇಳಿಯುತ್ತದೆಂದು ಟಿವಿಯಲ್ಲಿ ಹೊಗಳಿ 2014ರ ಜೂನ್‌ನಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಉತ್ತರ ಕೊಡಬೇಕಾಗಿ ಬಂದವರು. ಅವರು ಆಧಾರವಾಗಿಸಿದ್ದ ಅಧ್ಯಯನವನ್ನು ಅದೇ ವರ್ಷ ಹಿಂದಕ್ಕೆ ಪಡೆಯಲಾಯಿತು.

ಆಸ್ತಿ, ಷೇರು, ಭಾಷಣದ ಸಂಭಾವನೆಗಳಿಗೆ ಹಣಕಾಸು ಘೋಷಣಾ ಪತ್ರ ನೋಡಿ. ಸಂಪುಟಕ್ಕೆ ಹೆಸರು ಬಂದವರದು ಮತ್ತು ಅಧ್ಯಕ್ಷೀಯ ಅಭ್ಯರ್ಥಿಗಳದು 278ಇ ನಮೂನೆ, ಕಾಂಗ್ರೆಸ್ಸಿನವರದು ಆಯಾ ಸದನದ ಕಚೇರಿಯಲ್ಲಿ. ಅಲ್ಲಿ ನಿಖರ ಮೊತ್ತ ಇರುವುದಿಲ್ಲ, 1,001ರಿಂದ 15,000 ಡಾಲರ್ ಎಂಬಂಥ ಅಂತರ ಇರುತ್ತದೆ. ದೊಡ್ಡ ಮೊತ್ತ ಹುಡುಕುವುದಕ್ಕಿಂತ ಔಷಧ, ಉಪಕರಣ, ವಿಮಾ ಕಂಪನಿಗಳ ಹೆಸರನ್ನೂ ಮಂಡಿಸಿದ ಮಸೂದೆಗಳ ತಾರೀಕನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಫಲ ಕೊಡುತ್ತದೆ. 2012ರ ಸ್ಟಾಕ್ ಕಾಯ್ದೆಯ ಪ್ರಕಾರ 1,000 ಡಾಲರ್ ಮೀರಿದ ಷೇರು ವ್ಯವಹಾರವನ್ನು ಹೆಚ್ಚೆಂದರೆ 45 ದಿನಗಳಲ್ಲಿ ತಿಳಿಸಬೇಕು. ತಡವಾದರೆ ದಂಡ ಸಾಮಾನ್ಯವಾಗಿ 200 ಡಾಲರ್, ಅಂದರೆ ಏನೂ ಅಲ್ಲ. ಪದೇಪದೇ ತಡವಾಗಿರುವುದು ಕಂಡರೆ ಅದನ್ನು ಮರೆವೆಂದು ತಳ್ಳಿಹಾಕಬೇಡಿ.

ರಾಜ್ಯದ ವೈದ್ಯಕೀಯ ಮಂಡಳಿಯ ಜಾಲತಾಣದಲ್ಲಿ ಪರವಾನಗಿ ಸ್ಥಿತಿ, ಶಿಸ್ತುಕ್ರಮ ಸಿಗುತ್ತವೆ. ನಿರ್ಲಕ್ಷ್ಯದ ದಾವೆಗಳ ಬಗ್ಗೆ ಮಾತ್ರ ಎಚ್ಚರ. ಎದುರಾಳಿಗಳು ‘ಇಷ್ಟು ಕೇಸು ಬಿದ್ದಿವೆ’ ಎಂಬ ಕರಪತ್ರ ಹಂಚುತ್ತಾರೆ. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ನರಶಸ್ತ್ರಚಿಕಿತ್ಸಕರಲ್ಲಿ ಪ್ರತಿ ವರ್ಷ ಶೇ 19ರಷ್ಟು ಜನರ ಮೇಲೆ ದಾವೆ ಬೀಳುತ್ತದೆ. ಕಷ್ಟದ ಕೇಸು ತೆಗೆದುಕೊಳ್ಳುವವರ ಮೇಲೆ ಇನ್ನೂ ಹೆಚ್ಚು ಬಿದ್ದರೆ ಆಶ್ಚರ್ಯವಿಲ್ಲ. ದಾವೆಗಳ ಸಂಖ್ಯೆ ಬಿಟ್ಟು ಮಂಡಳಿಯ ಶಿಸ್ತುಕ್ರಮ ನೋಡಿ. ಅಂಥದ್ದೇನೂ ಇಲ್ಲದಿದ್ದರೆ ಆ ಕರಪತ್ರವನ್ನು ಕಸದ ಬುಟ್ಟಿಗೆ ಹಾಕಬಹುದು.

ಕಂಪನಿಗಳ ಜೊತೆಗಿನ ನಂಟಿನ ಬಗ್ಗೆ ಅಭ್ಯರ್ಥಿಯ ಬಾಯಿಮಾತನ್ನು ವಿಡಿಯೊ ದಾಖಲೆಯ ಜೊತೆ ಹೋಲಿಸಿ. 2015ರ ಅಕ್ಟೋಬರ್ ಚರ್ಚೆಯಲ್ಲಿ ಮನ್ನಾಟೆಕ್ ಎಂಬ ಪೂರಕ ಆಹಾರದ ಕಂಪನಿಯ ಬಗ್ಗೆ ಕೇಳಿದಾಗ ಕಾರ್ಸನ್ ತಮಗೆ ಅದರ ಜೊತೆ ಸಂಬಂಧವಿರಲಿಲ್ಲ, ಭಾಷಣ ಮಾಡಿದ್ದುಂಟು ಎಂದರು. ಅದರ ಉತ್ಪನ್ನವನ್ನು ಅವರು ಮೆಚ್ಚಿ ಮಾತಾಡಿದ ವಿಡಿಯೊಗಳು ಎಲ್ಲರಿಗೂ ಸಿಗುವಂತಿದ್ದವು.

ಕೊನೆಯದಾಗಿ, ಸಭೆಗಳಲ್ಲಿ ಕೇಳಬೇಕಾದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ 19 ಅಂಶಗಳಿವೆ, ಅರಿವಳಿಕೆಗೆ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿಯನ್ನು ಹೊರಗೆ ಕಳಿಸುವ ಮುಂಚೆ ಮೂರು ನಿಲುಗಡೆ. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಬಳಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಗಾಜ್ ಬಟ್ಟೆಯ ಲೆಕ್ಕ ತಾಳೆಯಾಗದಿದ್ದರೆ ನರ್ಸ್ ಹೊಲಿಗೆ ನಿಲ್ಲಿಸಬಹುದು, ಎಷ್ಟೇ ದೊಡ್ಡ ಸರ್ಜನ್ ಆದರೂ ಕೇಳಬೇಕು. ಸರ್ಕಾರದಲ್ಲಿ ಆ ಕೆಲಸಕ್ಕೆ 1978ರ ಕಾನೂನಿನಡಿ ಇನ್‌ಸ್ಪೆಕ್ಟರ್ ಜನರಲ್‌ಗಳಿದ್ದಾರೆ. ಮೇಲೆ ಬಂದ ಮೇಜಿನ ಲೆಕ್ಕ, ವಿಮಾನದ ಲೆಕ್ಕ ನೋಡಿದವರು ಅವರೇ. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹದಿನೈದಕ್ಕೂ ಹೆಚ್ಚು ಇಲಾಖೆ, ಸಂಸ್ಥೆಗಳ ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಒಂದೇ ರಾತ್ರಿಯಲ್ಲಿ ವಜಾ ಮಾಡಿದರು. ಕಾಂಗ್ರೆಸ್‌ಗೆ 30 ದಿನ ಮುಂಚಿತವಾಗಿ ತಿಳಿಸಬೇಕೆಂಬ ನಿಯಮ ಇದ್ದೂ ತಿಳಿಸಿರಲಿಲ್ಲ. ವಜಾ ಆದವರಲ್ಲಿ ವಸತಿ ಮತ್ತು ಆರೋಗ್ಯ ಇಲಾಖೆಯವರೂ ಇದ್ದರು.

ನಿಮ್ಮ ಜಿಲ್ಲೆಯ ಸರ್ಜನ್ ಅಭ್ಯರ್ಥಿ ಯಾವ ಪಕ್ಷದವರಾದರೂ ಇರಲಿ, ಹೀಗೆ ಕೇಳಿ: ಡಾಕ್ಟ್ರೇ, ಲೆಕ್ಕ ತಾಳೆಯಾಗಲಿಲ್ಲ ಎಂದ ನರ್ಸನ್ನು ಆಪರೇಷನ್ ನಡುವೆಯೇ ಹೊರಗೆ ಕಳಿಸಿದರೆ ನೀವು ಹೊಲಿಗೆ ಮುಂದುವರಿಸುತ್ತಿದ್ದಿರಾ? ಇನ್‌ಸ್ಪೆಕ್ಟರ್ ಜನರಲ್‌ಗಳ ಇಂಥ ವಜಾಗಳ ವಿರುದ್ಧ ಮತ ಹಾಕುತ್ತೀರಾ, ಇಲ್ಲವಾ? ಉತ್ತರ ಸುತ್ತಿ ಬಳಸಿ ಬಂದರೆ ಅದನ್ನೇ ಬರೆದುಕೊಳ್ಳಿ. ಲೀಗ್ ಆಫ್ ವಿಮೆನ್ ವೋಟರ್ಸ್ ಎಂಬ ಪಕ್ಷಾತೀತ ಸಂಘ ನಡೆಸುವ ಅಭ್ಯರ್ಥಿಗಳ ಸಭೆಗಳಲ್ಲಿ ಅನೇಕ ಕಡೆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಬೇಕಾಗುತ್ತದೆ. ಉದ್ದ ಪ್ರಶ್ನೆಗಳನ್ನು ಬದಿಗಿಡುತ್ತಾರೆ, ಆದ್ದರಿಂದ ಎರಡನೆಯದನ್ನು ಮಾತ್ರ ಬರೆದರೂ ಸಾಕು.

ವಂದನೆಗಳು.